ನರಹುಲಿಯೂ ಚಿತ್ರದಲ್ಲಿರಲಿ: ಹೊಸೂರು ಸೀಮೆಯ ಕನ್ನಡ ಮೇಷ್ಟ್ರುಗಳಿಗೆ ಒಂದು ಬಹಿರಂಗ ಪತ್ರ

ಆಲಸನತ್ತಂ, ಹೊಸೂರು

ಹೊಸೂರು, ಬಾಗಲೂರು, ಬೇರಿಕೆ, ತಳಿ, ಡೆಂಕಣಿಕೋಟೆ, ಶೂಲಗಿರಿ ಕಡೆಯ ಶಾಲೆಗಳಲ್ಲಿ ಕನ್ನಡದಲ್ಲಿ ಪಾಠ ಹೇಳುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ಡಿಸೆಂಬರ್ 10 ರಾಜಾಜಿಯವರು ಹುಟ್ಟಿದ ದಿನ. ಆ ದಿನ ಹತ್ತಿರವಾದಂತೆ ಮಕ್ಕಳ ಭಾಷಣದ ಹಾಳೆಗಳನ್ನು ತಿದ್ದಿಕೊಡಿ ಎಂದು ನಿಮ್ಮಲ್ಲಿ ಕೆಲವರು ನನಗೆ ಕೊಡುತ್ತ ಬಂದಿದ್ದೀರಿ. ಕಾಗುಣಿತ, ಒತ್ತಕ್ಷರ ತಿದ್ದುವುದು ಕಷ್ಟವಲ್ಲ. ಕೆಂಪು ಶಾಯಿಗೆ ಸಿಕ್ಕದ ಸಂಗತಿ ಬೇರೆ ಇದೆ. ಯಾವ ಊರಿನ ಯಾವ ಮಗು ಬರೆದರೂ ರಾಜಾಜಿ ಒಂದೇ ಥರ ಇರುತ್ತಾರೆ. 1878ರಲ್ಲಿ ತೊರಪಳ್ಳಿಯಲ್ಲಿ ಹುಟ್ಟಿದರು, ಹೊಸೂರಿನಲ್ಲಿ ಓದಿದರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದರು, ಸೇಲಂನಲ್ಲಿ ವಕೀಲರಾದರು, ಗಾಂಧೀಜಿಯ ಬೀಗರಾದರು, ವೇದಾರಣ್ಯಂನಲ್ಲಿ ಉಪ್ಪು ತೆಗೆದರು, ಭಾರತೀಯರಲ್ಲಿ ಒಬ್ಬರೇ ಒಬ್ಬ ಗವರ್ನರ್ ಜನರಲ್ ಆದರು, 1954ರಲ್ಲಿ ಭಾರತರತ್ನ ಪಡೆದರು. ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಓದಿ ಮುಗಿಸಿದಾಗ ಕಣ್ಣೆದುರಿಗೆ ಯಾವ ಮನುಷ್ಯನೂ ಬಂದು ನಿಲ್ಲುವುದಿಲ್ಲ.

ಹೀಗೇಕೆ ಆಗುತ್ತದೆ, ಏನು ಮಾಡಬಹುದು ಎಂದು ಹೇಳಲು ಇಂಗ್ಲಿಷಿನ ಒಂದು ನುಡಿಗಟ್ಟಿನ ಕಥೆಯಿಂದ ಶುರುಮಾಡುತ್ತೇನೆ. ‘ವಾರ್ಟ್ಸ್ ಅಂಡ್ ಆಲ್’ ಎಂಬುದನ್ನು ನೀವು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಹೇಳಿಕೊಟ್ಟಿರುತ್ತೀರಿ. ನರಹುಲಿಯನ್ನೂ ಸೇರಿಸಿ ಎಂದು ಅದರ ಅರ್ಥ. ಒಬ್ಬರನ್ನು ಅವರ ಕುಂದುಕೊರತೆಗಳ ಸಮೇತ ಒಪ್ಪಿಕೊಳ್ಳುವುದು ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಅದರ ಹಿಂದಿನ ಕಥೆಗೆ ಮಾತ್ರ ಒಂದು ಪೂರ್ತಿ ಪೀರಿಯಡ್ ಕೊಡಬೇಕು.

17ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದು, 1649ರ ಜನವರಿಯಲ್ಲಿ ಒಂದನೇ ಚಾರ್ಲ್ಸನ ತಲೆ ಕತ್ತರಿಸಿದರು. ಪಾರ್ಲಿಮೆಂಟಿನ ಪಡೆಯನ್ನು ಗೆಲುವಿನ ಕಡೆಗೆ ನಡೆಸಿದವರಲ್ಲಿ ಆಲಿವರ್ ಕ್ರಾಮ್‌ವೆಲ್ ಮುಖ್ಯನಾದವನು. 1653ರಲ್ಲಿ ಅವನೇ ದೇಶದ ಒಡೆಯನಾದ. ರಾಜ ಎನ್ನಿಸಿಕೊಳ್ಳದಿದ್ದರೂ ರಾಜನಷ್ಟೇ ಅಧಿಕಾರವಿತ್ತು. ಅಧಿಕಾರಕ್ಕೆ ಬಂದವರ ಚಿತ್ರ ಬರೆಯುವ ರೂಢಿ ಆಗಲೂ ಇತ್ತು. ಪೀಟರ್ ಲೇಲಿ ಎಂಬ ಚಿತ್ರಕಾರ ಬರೆಯಲು ಕೂತಾಗ ಕ್ರಾಮ್‌ವೆಲ್ ಒಂದು ಕರಾರು ಹಾಕಿದನಂತೆ. ನಿನ್ನ ಕೈಚಳಕವನ್ನೆಲ್ಲ ಬಳಸು, ಆದರೆ ನನ್ನನ್ನು ಹೊಗಳಿ ಬರೆಯಬೇಡ. ಒರಟು, ಮೊಡವೆ, ನರಹುಲಿ, ನಿನ್ನ ಕಣ್ಣಿಗೆ ಏನೇನು ಕಾಣುತ್ತದೋ ಎಲ್ಲವೂ ಬರಬೇಕು. ಇಲ್ಲದಿದ್ದರೆ ಬಿಡಿಗಾಸೂ ಕೊಡುವುದಿಲ್ಲ. ಅವನು ಹೇಳಿದ್ದರ ತಾತ್ಪರ್ಯ ಇಷ್ಟು.

ಈ ಕಥೆ ಅಚ್ಚಿಗೆ ಬಂದದ್ದು ಕ್ರಾಮ್‌ವೆಲ್ ಸತ್ತು ನೂರು ವರ್ಷ ದಾಟಿದ ಮೇಲೆ. 1760ರ ದಶಕದಲ್ಲಿ ಹೊರೇಸ್ ವಾಲ್‌ಪೋಲ್ ಇಂಗ್ಲೆಂಡಿನ ಚಿತ್ರಕಾರರ ಬಗ್ಗೆ ಸಂಪುಟಗಳನ್ನು ಬರೆದ. ಅದಕ್ಕೆ ಜಾರ್ಜ್ ವರ್ಚ್ಯೂ ಎಂಬವನು ಕೂಡಿಟ್ಟಿದ್ದ ಟಿಪ್ಪಣಿಗಳೇ ಆಧಾರ. ಬಾಯಿಂದ ಬಾಯಿಗೆ ಬಂದ ಮಾತನ್ನು ವರ್ಚ್ಯೂ ಬರೆದುಕೊಂಡಿದ್ದ, ವಾಲ್‌ಪೋಲ್ ಅದನ್ನು ಪುಸ್ತಕಕ್ಕೆ ಸೇರಿಸಿದ. ಆದ್ದರಿಂದ ಇದು ಹೀಗೇ ನಡೆಯಿತು ಎಂದು ಮಕ್ಕಳಿಗೆ ಹೇಳಬೇಡಿ. ನಡೆಯಿತಂತೆ ಎನ್ನಿ. ಇನ್ನೂ ಒಂದು ವಿಷಯವಿದೆ. ಸ್ಯಾಮ್ಯುಯೆಲ್ ಕೂಪರ್ ಎಂಬ ಇನ್ನೊಬ್ಬ ಚಿತ್ರಕಾರ ಕ್ರಾಮ್‌ವೆಲ್‌ನ ಪುಟ್ಟ ಚಿತ್ರವೊಂದನ್ನು ಬರೆದಿದ್ದ. ಲೇಲಿ ಬರೆದ ಚಿತ್ರ ಅದನ್ನೇ ನೋಡಿ ಮಾಡಿದ್ದು ಎಂದು ಕಲೆಯ ಚರಿತ್ರೆ ಬಲ್ಲವರಲ್ಲಿ ಅನೇಕರ ಅಭಿಪ್ರಾಯ. ಹಾಗಿದ್ದರೆ ಆ ಕರಾರು ಕೂಪರನ ಎದುರಿಗೇ ಆಗಿರಬೇಕು, ಅಥವಾ ಆಗಿಯೇ ಇಲ್ಲದಿರಬಹುದು. ನುಡಿಗಟ್ಟು ಈಗಿನ ರೂಪದಲ್ಲಿ ಜನರ ಬಾಯಿಗೆ ಬಂದದ್ದು 19ನೇ ಶತಮಾನದಲ್ಲಿ. ಆದರೂ ಚಿತ್ರಗಳು ಉಳಿದಿವೆ. ಕೆಳತುಟಿಯ ಅಡಿಯ ನರಹುಲಿ, ಹುಬ್ಬಿನ ಹತ್ತಿರದ ಇನ್ನೊಂದು, ಎರಡನ್ನೂ ಇವತ್ತಿಗೂ ನೋಡಬಹುದು. ಮಾತು ದಂತಕಥೆಯಾದರೂ ಮುಖ ದಂತಕಥೆಯಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ನಿಮಗೆ ಪತ್ರ ಬರೆಯುತ್ತಿರಲಿಲ್ಲ. ಚರ್ಮದ ಮೇಲಿನ ನರಹುಲಿಯನ್ನು ತೋರಿಸುವುದಕ್ಕೆ ಧೈರ್ಯ ಬೇಕು, ನಿಜ. ಅದೇ ಮನುಷ್ಯ 1649ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಡ್ರಾಹಿಡಾ ಪಟ್ಟಣವನ್ನು ಗೆದ್ದಾಗ ಅವನ ಪಡೆ ಕೋಟೆಯೊಳಗಿದ್ದವರನ್ನು ಕೊಚ್ಚಿಹಾಕಿತು. ಮುಂದಿನ ತಿಂಗಳು ವೆಕ್ಸ್‌ಫರ್ಡ್‌ನಲ್ಲೂ ಹಾಗೇ ಆಯಿತು. ಇದು ಯಾವ ಚಿತ್ರಪಟದಲ್ಲೂ ಇಲ್ಲ. 1661ರಲ್ಲಿ, ಮತ್ತೆ ರಾಜನ ಆಳ್ವಿಕೆ ಬಂದ ಮೇಲೆ, ಅವನ ಹೆಣವನ್ನು ಗೋರಿಯಿಂದ ತೆಗೆದು ಗಲ್ಲಿಗೇರಿಸಿ, ತಲೆಯನ್ನು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಗಳುವಿಗೆ ಸಿಕ್ಕಿಸಿದರು. 1899ರಲ್ಲಿ ಅದೇ ಪಾರ್ಲಿಮೆಂಟಿನ ಪಕ್ಕದಲ್ಲಿ ಅವನ ಪ್ರತಿಮೆ ನಿಂತಿತು. ಪ್ರತಿಮೆಗೆ ಸರ್ಕಾರದ ದುಡ್ಡು ಸಿಗಲಿಲ್ಲ, ಏಕೆಂದರೆ ಐರಿಷ್ ಸದಸ್ಯರು ಎದ್ದು ನಿಂತು ವಿರೋಧಿಸಿದರು. ಕೊನೆಗೆ ಖಾಸಗಿ ಹಣದಲ್ಲಿ ಆಯಿತು. ಇನ್ನೂರೈವತ್ತು ವರ್ಷವಾದರೂ ಡ್ರಾಹಿಡಾ ಮರೆಯದವರು ಇದ್ದರು. ಅವರು ಮರೆಯಬೇಕಾಗಿಯೂ ಇರಲಿಲ್ಲ.

ಇಲ್ಲಿ ನನಗೆ ಒಂದು ವಿಷಯ ತಿಳಿಯಾಗುತ್ತದೆ. ನಾವು ಈ ನುಡಿಗಟ್ಟನ್ನು ಒಪ್ಪಿಕೊಳ್ಳುವುದಕ್ಕೆ ಬಳಸುತ್ತೇವೆ. ಗಂಡಹೆಂಡಿರ ಮಾತಿನಲ್ಲಿ, ಗೆಳೆಯರ ಮಾತಿನಲ್ಲಿ, ನಾನು ಇರುವ ಹಾಗೇ ನನ್ನನ್ನು ಒಪ್ಪಿಕೋ ಎಂಬ ಬೇಡಿಕೆಯಾಗಿ ಅದು ಬರುತ್ತದೆ. ಕಥೆಯ ಕ್ರಾಮ್‌ವೆಲ್ ಯಾರನ್ನೂ ಹಾಗೆ ಕೇಳಲಿಲ್ಲ. ಅವನು ಮಾತಾಡಿದ್ದು ಚಿತ್ರಕಾರನ ಜೊತೆ, ಕೇಳಿದ್ದು ಕಂಡದ್ದನ್ನು ಬರೆ ಎಂದು. ಒಪ್ಪುವುದು ಬಿಡುವುದು ಚಿತ್ರ ನೋಡುವವರಿಗೆ ಸೇರಿದ್ದು. ಇಂಗ್ಲಿಷರು ಪ್ರತಿಮೆ ನಿಲ್ಲಿಸಿದರು, ಐರಿಷರು ಬೇಡವೆಂದರು. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಮನುಷ್ಯನ ಚರಿತ್ರೆ.

ಮೇಷ್ಟ್ರುಗಳ ಕೆಲಸ ಚಿತ್ರಕಾರನ ಕೆಲಸ ಎಂದು ನಾನು ನಂಬಿದ್ದೇನೆ. ನಾವು ಪೂರ್ತಿ ಮುಖ ಬರೆದು ಕೊಡಬೇಕು. ತಲೆಬಾಗುವುದೋ ತಲೆ ಅಲ್ಲಾಡಿಸುವುದೋ ಮಗು ತೀರ್ಮಾನಿಸಲಿ.

ನಮ್ಮ ನಾಡಿನಲ್ಲಿ ಇದರ ರೂಢಿ ಕಡಿಮೆ ಎಂದು ನೀವು ಹೇಳಬಹುದು. ಈ ಸೀಮೆಯಲ್ಲಿ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಹಳಗನ್ನಡದ ಶಾಸನಗಳು, ವೀರಗಲ್ಲುಗಳು ಎಷ್ಟೋ ಇವೆ. ಅವುಗಳಲ್ಲಿ ರಾಜನಿಗೆ ಉದ್ದುದ್ದ ಬಿರುದು ಇರುತ್ತದೆ, ಸತ್ತ ವೀರನಿಗೆ ಸ್ವರ್ಗ ಇರುತ್ತದೆ, ಇಬ್ಬರಿಗೂ ತಪ್ಪು ಇರುವುದಿಲ್ಲ. ಕಲ್ಲು ಕಡೆಯುವವನಿಗೆ ಜಾಗ ಕಡಿಮೆ, ಕಡೆಸುವವನು ಎದುರಿಗೇ ನಿಂತಿರುತ್ತಾನೆ. ಅವನನ್ನು ನಾನು ದೂರುವುದಿಲ್ಲ. ಆದರೆ ನಮಗೆ ಇನ್ನೊಂದು ರೂಢಿಯೂ ಇದೆ, ಅದೂ ಇಲ್ಲೇ ಪಕ್ಕದ್ದು. ಮಾಲೂರು ತಾಲ್ಲೂಕಿನ ಮಾಸ್ತಿ ನಮಗೆ ದೂರವಲ್ಲ. ಮನೆಯಲ್ಲಿ ತಮಿಳು ಆಡುತ್ತ ಬೆಳೆದು ಕನ್ನಡದ ದೊಡ್ಡ ಲೇಖಕರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ‘ಚಿಕವೀರ ರಾಜೇಂದ್ರ’ ಬರೆದರು. ಕೊಡಗಿನ ಕೊನೆಯ ಅರಸನ ಕಾದಂಬರಿ ಅದು. ಕುಡಿತ, ಹೆಣ್ಣು, ಕ್ರೌರ್ಯ, ಸಿಟ್ಟು ಒಂದನ್ನೂ ಮುಚ್ಚಿಡಲಿಲ್ಲ. ಹಾಗಿದ್ದೂ ಓದಿ ಮುಗಿಸಿದವರಿಗೆ ಆ ಅರಸ ರಾಕ್ಷಸನಾಗಿ ಕಾಣುವುದಿಲ್ಲ, ಕೆಟ್ಟುಹೋದ ಒಬ್ಬ ಮನುಷ್ಯನಾಗಿ ಕಾಣುತ್ತಾನೆ. 1983ನೇ ಸಾಲಿನ ಜ್ಞಾನಪೀಠ ಆ ಕಾದಂಬರಿಯ ಹೆಸರಿನಲ್ಲೇ ಬಂತು. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ತಾವು ಕಂಡವರ ಬಗ್ಗೆ ಬರೆದ ಸಂಪುಟಗಳಿಗೆ ‘ಜ್ಞಾಪಕ ಚಿತ್ರಶಾಲೆ’ ಎಂದೇ ಹೆಸರಿಟ್ಟರು. ದಿವಾನರಿಂದ ಹಿಡಿದು ಹೆಸರಿಲ್ಲದ ಪುರೋಹಿತರವರೆಗೆ ಎಲ್ಲರೂ ಅಲ್ಲಿ ತಮ್ಮ ಕೊಂಕುಗಳ ಸಮೇತ ಕೂತಿದ್ದಾರೆ. ರಾಜಾಜಿಯವರ ಕಾಲೇಜಿನ ಗೆಳೆಯ ನವರತ್ನ ರಾಮರಾಯರೂ ಕನ್ನಡದಲ್ಲಿ ‘ಕೆಲವು ನೆನಪುಗಳು’ ಬರೆದವರೇ. ನಮ್ಮ ಲೈಬ್ರರಿಗಳಲ್ಲಿ ಈ ಪುಸ್ತಕಗಳಿಲ್ಲದಿದ್ದರೆ ತರಿಸಿ.

ಈಗ ರಾಜಾಜಿಯವರ ಮುಖಕ್ಕೆ ಬರುತ್ತೇನೆ. ನಮ್ಮ ಮಕ್ಕಳಿಗೆ ಎರಡು ರಾಜಾಜಿ ಸಿಗುತ್ತಾರೆ. ಶಾಲೆಯ ವೇದಿಕೆಯಲ್ಲಿ ಸಿಗುವವರು ಕಪ್ಪು ಕನ್ನಡಕದ ಸಂತ. ಶಾಲೆಯ ಹೊರಗೆ, ರಾಜಕೀಯದ ವೇದಿಕೆಯ ಮೈಕಿನಲ್ಲಿ ಸಿಗುವವರು ಹಿಂದಿ ಹೇರಿದವರು, ಕುಲಕಸುಬಿನ ಶಿಕ್ಷಣ ತಂದವರು. ಎಂಟನೇ ತರಗತಿಯಲ್ಲಿ ಮೊದಲನೆಯವರ ಬಗ್ಗೆ ಭಾಷಣ ಮಾಡಿ ಬಹುಮಾನ ತೆಗೆದುಕೊಂಡ ಹುಡುಗ ಕಾಲೇಜಿಗೆ ಹೋಗಿ ಎರಡನೆಯವರ ಬಗ್ಗೆ ಕೇಳಿದಾಗ ಏನು ಮಾಡುತ್ತಾನೆ? ಮೊದಲನೆಯವರನ್ನು ಎತ್ತಿ ಬಿಸಾಡುತ್ತಾನೆ. ಅವರ ಜೊತೆ ನಮ್ಮ ಮಾತನ್ನೂ ಬಿಸಾಡುತ್ತಾನೆ. ಮೇಷ್ಟ್ರು ನನಗೆ ಅರ್ಧ ಮಾತ್ರ ಹೇಳಿದರು ಎಂಬ ಅನುಮಾನ ಒಮ್ಮೆ ಹುಟ್ಟಿದರೆ ನಾವು ಹೇಳಿದ ಇನ್ನೆಲ್ಲದರ ಮೇಲೂ ಅದು ಹರಡುತ್ತದೆ. ನನಗೆ ಇದೇ ದೊಡ್ಡ ಚಿಂತೆ.

1937ರಿಂದ 1939ರವರೆಗಿನ ಎರಡು ಚಿಲ್ಲರೆ ವರ್ಷಗಳನ್ನೇ ತೆಗೆದುಕೊಳ್ಳಿ. ಆಗ ರಾಜಾಜಿ ಮದ್ರಾಸ್ ಪ್ರಾಂತ್ಯದ ಪ್ರಧಾನಿ. ಹೊಸೂರು ಆಗ ಸೇಲಂ ಜಿಲ್ಲೆಯಲ್ಲಿತ್ತು. ಪಾನನಿಷೇಧವನ್ನು 1937ರ ಅಕ್ಟೋಬರ್ 1ರಂದು ಮೊದಲು ಜಾರಿ ಮಾಡಿದ್ದು ಸೇಲಂ ಜಿಲ್ಲೆಯಲ್ಲೇ. ಅಂದರೆ ಸೇಂದಿ, ಸಾರಾಯಿ ಅಂಗಡಿಗಳು ಮುಚ್ಚಿದ್ದು ನಮ್ಮ ಮುತ್ತಜ್ಜಂದಿರ ಊರುಗಳಲ್ಲಿ. ಹೆಂಡದ ವರಮಾನ ನಿಂತು ಖಜಾನೆಗೆ ಬಿದ್ದ ತೂತು ಮುಚ್ಚಲು 1939ರಲ್ಲಿ ಮಾರಾಟ ತೆರಿಗೆ ತಂದರು. ಎಲ್ಲ ಸರಕುಗಳ ಮೇಲೂ ಬೀಳುವ ಅಂಥ ತೆರಿಗೆ ನಮ್ಮ ದೇಶದಲ್ಲಿ ಅದೇ ಮೊದಲು. ಅಂಗಡಿಯ ಬಿಲ್ಲಿನ ಕೊನೆಯ ಸಾಲನ್ನು ಓದುವಾಗ ಮಕ್ಕಳಿಗೆ ಇದನ್ನು ಹೇಳಿ, ಕಣ್ಣರಳಿಸುತ್ತಾರೆ. 1938ರಲ್ಲಿ ರೈತರ ಸಾಲಪರಿಹಾರದ ಕಾಯಿದೆ ಬಂತು. 1939ರ ಜುಲೈಯಲ್ಲಿ ಎ. ವೈದ್ಯನಾಥ ಅಯ್ಯರ್ ದಲಿತರನ್ನೂ ನಾಡಾರರನ್ನೂ ಕರೆದುಕೊಂಡು ಮಧುರೆಯ ಮೀನಾಕ್ಷಿ ಗುಡಿಯೊಳಗೆ ಕಾಲಿಟ್ಟರು. ಅವರ ಮೇಲೆ, ಗುಡಿಯ ಅಧಿಕಾರಿಗಳ ಮೇಲೆ ಕೇಸು ಬೀಳದಂತೆ ರಾಜಾಜಿ ಸರ್ಕಾರ ಕಾನೂನಿನ ರಕ್ಷಣೆ ಕೊಟ್ಟಿತು.

ಅದೇ ವರ್ಷಗಳು, ಅದೇ ಕೈ. 1938ರ ಏಪ್ರಿಲ್‌ನಲ್ಲಿ 125 ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದರು. ಬೀದಿಗಿಳಿದವರನ್ನು ಹಿಡಿಯಲು ಕ್ರಿಮಿನಲ್ ಲಾ ಅಮೆಂಡ್‌ಮೆಂಟ್ ಕಾಯಿದೆಯನ್ನು ಬಳಸಿದರು. ಬ್ರಿಟಿಷರು ಸತ್ಯಾಗ್ರಹಿಗಳ ವಿರುದ್ಧ ಬಳಸಿದ್ದ, ಕಾಂಗ್ರೆಸ್ಸೇ ಕರಾಳವೆಂದು ಬಯ್ದಿದ್ದ ಕಾಯಿದೆ ಅದು. ಸಾವಿರಕ್ಕೂ ಹೆಚ್ಚು ಜನರ ಬಂಧನವಾಯಿತು. ಪೆರಿಯಾರ್ ಜೈಲಿಗೆ ಹೋದರು. ಹೆಂಗಸರು ಮಕ್ಕಳ ಸಮೇತ ಜೈಲಿಗೆ ಹೋದರು. ನಟರಾಜನ್, ತಾಳಮುತ್ತು ಎಂಬ ಇಬ್ಬರು ತರುಣರು 1939ರಲ್ಲಿ ಸೆರೆಯಲ್ಲಿದ್ದಾಗಲೇ ಜಡ್ಡು ಬಿದ್ದು ತೀರಿಕೊಂಡರು. ಚೆನ್ನೈನಲ್ಲಿ ಅವರಿಬ್ಬರ ಹೆಸರಿನ ಸರ್ಕಾರಿ ಕಟ್ಟಡವೇ ಇದೆ. ರಾಜಾಜಿ ರಾಜೀನಾಮೆ ಕೊಟ್ಟ ಮೇಲೆ, 1940ರ ಫೆಬ್ರವರಿಯಲ್ಲಿ ಗವರ್ನರ್ ಆ ಆಜ್ಞೆಯನ್ನು ಹಿಂತೆಗೆದುಕೊಂಡರು.

ಈ ಭಾಗವನ್ನು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುವವರು ಯಾರು? 2006ರ ತಮಿಳು ಕಲಿಕೆ ಕಾಯಿದೆ ತರಗತಿಯಿಂದ ತರಗತಿಗೆ ಏರುತ್ತ ಬಂದಾಗ, ಹತ್ತನೇ ತರಗತಿಯ ಪರೀಕ್ಷೆಗೆ ಕನ್ನಡ ಬರೆಯಬಹುದೋ ಇಲ್ಲವೋ ಎಂದು ಇದೇ ಸೀಮೆಯ ತಂದೆತಾಯಿಯರು ಕೋರ್ಟಿನ ಕಡೆ ಮುಖ ಮಾಡಿ ಕಾದದ್ದು ನಿಮಗೆಲ್ಲ ಗೊತ್ತು. ತಮಿಳು ಬೇಡವೆಂದು ನಮ್ಮಲ್ಲಿ ಯಾರೂ ಹೇಳಲಿಲ್ಲ. ಸಂತೆಯಲ್ಲಿ, ಕಾರ್ಖಾನೆಯ ಗೇಟಿನಲ್ಲಿ, ನೆಂಟರ ಮನೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರನ್ನೂ ಆಡಿಕೊಂಡು ಬೆಳೆದ ಜನ ನಾವು. ಮನೆಮಾತಿನ ಜಾಗ ತಪ್ಪಬಾರದು ಎಂದಷ್ಟೇ ಕೇಳಿದೆವು. 1938ರಲ್ಲಿ ಬೀದಿಗಿಳಿದ ತಮಿಳು ಹುಡುಗರ ಸಂಕಟ ಯಾವುದೆಂದು ಕನ್ನಡ ಶಾಲೆಯ ಮಗುವಿಗೆ ಅರ್ಧ ಮಾತಿನಲ್ಲೇ ತಿಳಿಯುತ್ತದೆ. ಆ ಎಳೆಯನ್ನು ನಾವು ಭಾಷಣದಿಂದ ಕಿತ್ತುಹಾಕಿದರೆ, ಅಕ್ಕಪಕ್ಕ ಬದುಕುವ ಎರಡು ಭಾಷೆಯ ಜನ ಪರಸ್ಪರ ಅರಿಯುವ ಒಂದು ದಾರಿಯನ್ನೇ ಮುಚ್ಚಿದ ಹಾಗೆ. ಮುಂದೆ ಇದೇ ರಾಜಾಜಿ ಹಿಂದಿಯೊಂದೇ ಆಡಳಿತಭಾಷೆಯಾಗುವುದನ್ನು ಬಲವಾಗಿ ವಿರೋಧಿಸಿದರು, 1967ರ ಚುನಾವಣೆಯಲ್ಲಿ ಅಣ್ಣಾದುರೈಯವರ ಪಕ್ಷದ ಜೊತೆ ಕೈಜೋಡಿಸಿದರು. ಮನಸ್ಸು ಬದಲಾಯಿಸುವ ದೊಡ್ಡವರನ್ನು ಮಕ್ಕಳು ನೋಡಬೇಕು. ಮೊದಲು ಏನೆಂದುಕೊಂಡಿದ್ದರು ಎಂಬುದನ್ನು ಅಳಿಸಿಬಿಟ್ಟರೆ ಬದಲಾದದ್ದು ಕಾಣುವುದೇ ಇಲ್ಲ.

1942 ನನ್ನನ್ನು ಇಂದಿಗೂ ತಡೆದು ನಿಲ್ಲಿಸುತ್ತದೆ. ಕ್ವಿಟ್ ಇಂಡಿಯಾಕ್ಕೆ ರಾಜಾಜಿ ಸೇರಲಿಲ್ಲ, ಮುಸ್ಲಿಂ ಲೀಗಿನ ಜೊತೆ ಒಪ್ಪಂದ ಆಗಬೇಕೆಂದರು, ಕಾಂಗ್ರೆಸ್ ಬಿಟ್ಟರು. ದೇಶ ಒಂದು ಕಡೆ, ಅವರು ಒಂದು ಕಡೆ. ಇದನ್ನು ನರಹುಲಿ ಎನ್ನಬೇಕೋ, ತನ್ನ ಬುದ್ಧಿಗೆ ಸರಿಕಂಡದ್ದನ್ನು ಜನರ ಎದುರಿಗೆ ಹೇಳಿದ ಎದೆಗಾರಿಕೆ ಎನ್ನಬೇಕೋ? ಆ ಕಾಲದಲ್ಲಿ ಅವರನ್ನು ದ್ರೋಹಿ ಎಂದವರಿದ್ದರು. ನನಗೆ ಅದು ಎದೆಗಾರಿಕೆಯಾಗಿಯೇ ಕಾಣುತ್ತದೆ. ಆದರೆ ನನ್ನ ಅಭಿಪ್ರಾಯವನ್ನು ಮಗುವಿನ ಹಾಳೆಯಲ್ಲಿ ಬರೆಯುವ ಹಕ್ಕು ನನಗಿಲ್ಲ.

1953ರ ವಿಷಯದಲ್ಲಿ ಮಾತ್ರ ನಾನು ಸ್ಪಷ್ಟವಾಗಿ ಹೇಳುತ್ತೇನೆ. ರಾಜಾಜಿ 1952ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾದರು. ಚುನಾವಣೆಗೆ ನಿಂತು ಗೆದ್ದು ಬಂದದ್ದಲ್ಲ, ಗವರ್ನರ್ ಅವರನ್ನು ವಿಧಾನಪರಿಷತ್ತಿಗೆ ನಾಮಕರಣ ಮಾಡಿದರು. ಮಾರನೇ ವರ್ಷ ಹಳ್ಳಿಗಳ ಪ್ರಾಥಮಿಕ ಶಾಲೆಗಳಿಗೆ ಹೊಸ ಶಿಕ್ಷಣ ಯೋಜನೆ ಬಂತು. ದಿನಕ್ಕೆ ಮೂರು ಗಂಟೆ ಮಾತ್ರ ಪಾಠ. ಮಕ್ಕಳನ್ನು ಎರಡು ತಂಡ ಮಾಡಿ ಒಂದಾದ ಮೇಲೊಂದು ಕೂರಿಸುವುದು. ಉಳಿದ ಹೊತ್ತು ಮಗು ಮನೆಯಲ್ಲಿ ಅಪ್ಪ ಅಮ್ಮ ಮಾಡುವ ಕೆಲಸವನ್ನು ಕಲಿಯುವುದು. ಇದರ ಹಿಂದೆ ಲೆಕ್ಕಾಚಾರ ಇತ್ತು. ಹದಿನಾಲ್ಕು ವರ್ಷದವರೆಗೆ ಎಲ್ಲ ಮಕ್ಕಳಿಗೂ ಶಿಕ್ಷಣ ಕೊಡಬೇಕೆಂದು ಸಂವಿಧಾನ ಹೇಳಿತ್ತು, ಸರ್ಕಾರದ ಬಳಿ ದುಡ್ಡಿರಲಿಲ್ಲ. ಇದ್ದ ಕಟ್ಟಡ, ಇದ್ದ ಮೇಷ್ಟ್ರುಗಳಲ್ಲೇ ಇಮ್ಮಡಿ ಮಕ್ಕಳನ್ನು ಕೂರಿಸುವ ದಾರಿ ಅದು. ಕೈಕೆಲಸಕ್ಕೆ ಗೌರವ ಬರಲಿ ಎಂಬ ಗಾಂಧೀಜಿಯ ವಿಚಾರದ ನೆರಳೂ ಅದರ ಮೇಲಿತ್ತು. ಇದಿಷ್ಟನ್ನೂ ಮಕ್ಕಳಿಗೆ ನ್ಯಾಯವಾಗಿ ಹೇಳಬೇಕು.

ಆಮೇಲೆ ಇದನ್ನೂ ಹೇಳಬೇಕು. ತೊರಪಳ್ಳಿಯ ಅಗ್ರಹಾರದ ಮಗು ಮಧ್ಯಾಹ್ನ ಮನೆಗೆ ಹೋದರೆ ಅಪ್ಪನ ಕೈಯಲ್ಲಿ ಪುಸ್ತಕ ಇರುತ್ತದೆ. ಅಗಸರ ಮಗು ಹೋದರೆ ಹೊಳೆದಂಡೆಯ ಬಟ್ಟೆಗಂಟು. ಚಪ್ಪಲಿ ಹೊಲಿಯುವವರ ಮಗುವಿಗೆ ತೊಗಲು, ಜೀತದಾಳಿನ ಮಗುವಿಗೆ ಗೌಡರ ಕೊಟ್ಟಿಗೆ. ಜಾತಿಯೇ ಕಸುಬನ್ನು ಗೊತ್ತುಮಾಡಿದ್ದ ಊರುಗಳಲ್ಲಿ ಅಪ್ಪನ ಕೆಲಸ ಕಲಿ ಎಂದರೆ ಅಪ್ಪನ ಜಾಗದಲ್ಲೇ ಇರು ಎಂದೇ ಆಗುತ್ತದೆ. ಅಷ್ಟು ಸೂಕ್ಷ್ಮ ಬುದ್ಧಿಯ ಮನುಷ್ಯನಿಗೆ ಇದು ಕಾಣಬೇಕಿತ್ತು. ಕಾಣಲಿಲ್ಲ, ಅಥವಾ ಕಂಡರೂ ಅಷ್ಟು ದೊಡ್ಡದಾಗಿ ತೋರಲಿಲ್ಲ. ಪೆರಿಯಾರ್, ಅಣ್ಣಾದುರೈ ಮುಂತಾದವರು ಅದಕ್ಕೆ ‘ಕುಲಕಲ್ವಿ’, ಅಂದರೆ ಕುಲಕಸುಬಿನ ಶಿಕ್ಷಣ, ಎಂದು ಹೆಸರಿಟ್ಟು ಹೋರಾಡಿದರು. ಕಾಂಗ್ರೆಸ್ಸಿನೊಳಗೂ ಒಪ್ಪದವರಿದ್ದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಮುಂದೆ ಬಂದ ಕಾಮರಾಜರು ಆ ಯೋಜನೆಯನ್ನು ಕೈಬಿಟ್ಟರು. ನಮ್ಮ ತರಗತಿಗಳಲ್ಲಿ ಕೂತಿರುವ ಎಷ್ಟೋ ಮಕ್ಕಳ ಅಜ್ಜ ಅಜ್ಜಿಯರ ಬಾಳಿಗೆ ಸಂಬಂಧಿಸಿದ ತೀರ್ಮಾನ ಇದು. ಅವರ ಪರವಾಗಿ ನಾವು, ಹೋಗಲಿ ಬಿಡಿ, ದೊಡ್ಡವರಲ್ಲಿ ಇಂಥದ್ದೆಲ್ಲ ಇರುತ್ತದೆ ಎಂದು ಒಪ್ಪಿಕೊಂಡುಬಿಡುವುದು ಸರಿಯಲ್ಲ. ಕುಂದನ್ನು ಒಪ್ಪುವ ಮಾತು ಆ ಕುಂದಿನಿಂದ ನೋವು ತಿಂದವರ ಬಾಯಿಂದ ಬರಬೇಕು. ಬರದೇ ಇದ್ದರೂ ಅದು ಅವರ ಹಕ್ಕು.

ಹೀಗೆಲ್ಲ ಹೇಳಿದರೆ ರಾಜಾಜಿ ಸಣ್ಣವರಾಗುತ್ತಾರೆ ಎಂದು ನೀವು ಹೆದರಬೇಡಿ. 1962ರಲ್ಲಿ, ಎಂಬತ್ತು ದಾಟಿದ ಮೇಲೆ, ಅಮೆರಿಕಕ್ಕೆ ಹೋಗಿ ಅಧ್ಯಕ್ಷ ಕೆನೆಡಿಯ ಎದುರು ಕೂತು ಅಣುಬಾಂಬಿನ ಪರೀಕ್ಷೆ ನಿಲ್ಲಿಸಿ ಎಂದು ವಾದಿಸಿದರು. 1971ರಲ್ಲಿ ತಮಿಳುನಾಡು ಸರ್ಕಾರ ಪಾನನಿಷೇಧ ತೆಗೆಯಲು ಹೊರಟಾಗ, ತೊಂಬತ್ತು ದಾಟಿದ್ದರೂ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಬಾಗಿಲಿಗೆ ಹೋಗಿ ಬೇಡ ಎಂದು ಕೇಳಿಕೊಂಡರು. ಆ ಮಾತು ನಡೆಯಲಿಲ್ಲ. 1966ರಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರು ವಿಶ್ವಸಂಸ್ಥೆಯಲ್ಲಿ ಹಾಡಿದ ಇಂಗ್ಲಿಷ್ ಪ್ರಾರ್ಥನೆಯನ್ನು ಬರೆದದ್ದು ರಾಜಾಜಿ. ನಮ್ಮ ಪಾಪಗಳನ್ನು ದೇವರು ಕ್ಷಮಿಸಲಿ ಎಂದು ಬೇಡುವ ಹಾಡು ಅದು. ಆಗ ಅವರಿಗೆ ಎಂಬತ್ತೇಳು. ನಟರಾಜನ್, ತಾಳಮುತ್ತು ಹೆಸರು ತಿಳಿದ ಮಗುವಿಗೆ ಈ ಪ್ರಾರ್ಥನೆ ಬೇರೆಯೇ ಆಗಿ ಕೇಳಿಸುತ್ತದೆ.

ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ ಅಳುಕು ನನಗೆ ಗೊತ್ತು. ನಾವು ಇಲ್ಲಿ ಅಲ್ಪಸಂಖ್ಯಾತರು. ಕನ್ನಡ ಶಾಲೆಯ ಮಕ್ಕಳು ತಮಿಳುನಾಡಿನ ಹಿರಿಯರ ತಪ್ಪು ಎತ್ತಿ ಆಡಿದರು ಎಂದು ಯಾರಾದರೂ ಗದ್ದಲ ಎಬ್ಬಿಸಿದರೆ ಎಂಬ ಅಳುಕು ಅದು. ಅದಕ್ಕೆ ಒಂದೇ ದಾರಿ. ಅಳತೆಗೋಲು ಎಲ್ಲರಿಗೂ ಒಂದೇ ಇರಲಿ. ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಬಗ್ಗೆ ಮಾತಾಡುವಾಗ ಕೃಷ್ಣರಾಜಸಾಗರ, ಮೈಸೂರು ವಿಶ್ವವಿದ್ಯಾಲಯ, ಭದ್ರಾವತಿ ಎಂದು ನಿಲ್ಲಿಸಬೇಡಿ. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಪ್ರಶ್ನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು, ಆ ವಿಚಾರವನ್ನು ಒಪ್ಪಲಾಗದೆ ವಿಶ್ವೇಶ್ವರಯ್ಯನವರು ಅದೇ ವರ್ಷ ದಿವಾನಗಿರಿ ಬಿಟ್ಟರು. ಅದನ್ನೂ ಹೇಳಿ. ನಮ್ಮವರ ನರಹುಲಿಯನ್ನು ನಾವೇ ಬರೆದು ತೋರಿಸಿದರೆ ಬೇರೆಯವರದನ್ನು ಬರೆಯುವಾಗ ಯಾರೂ ನಮ್ಮ ಕೈ ಹಿಡಿಯಲಾರರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅದು ಮನೆಯೊಳಗೆ ಸಲ್ಲುವ ಅಕ್ಕರೆ, ಮಗುವಿಗೆ ಆ ಅಕ್ಕರೆ ಬೇಕು ಕೂಡ. ಪಾಠದ ಕೋಣೆಯಲ್ಲಿ ನಾವು ಹೆತ್ತವರ ಕಣ್ಣಿನಿಂದ ಚರಿತ್ರೆಯನ್ನು ನೋಡಲಾಗದು.

ವಯಸ್ಸಿನ ಪ್ರಶ್ನೆಗೂ ಒಂದು ಮಾತು. ಮೂರನೇ ತರಗತಿಯ ಮಗುವಿಗೆ ಕ್ರಿಮಿನಲ್ ಕಾಯಿದೆ ಬೇಕಿಲ್ಲ. ಅದಕ್ಕೆ ತೊರಪಳ್ಳಿಯ ಮನೆ ಸಾಕು. ಆ ಮನೆ ಈಗ ಸ್ಮಾರಕ, ಹೊಸೂರಿನಿಂದ ದೂರವೂ ಇಲ್ಲ, ಒಂದು ಬೆಳಗಿನಲ್ಲಿ ಹೋಗಿ ಬರಬಹುದು. ಆರು, ಏಳಕ್ಕೆ ಪಾನನಿಷೇಧ, ಗುಡಿಪ್ರವೇಶ, ಅದರ ಜೊತೆಗೇ ಹಿಂದಿಯ ಆಜ್ಞೆ. ಎಂಟರಿಂದ ಮೇಲಿನವರಿಗೆ 1942 ಮತ್ತು 1953. ಒಂದೇ ಹಾಳೆಯಲ್ಲಿ ಹೊಗಳಿಕೆ ಮುಗಿಸಿ, ಕೊನೆಗೆ ತಪ್ಪುಗಳ ಪಟ್ಟಿ ಅಂಟಿಸುವುದು ಬೇಡ. ಲೇಲಿ ನರಹುಲಿಯನ್ನು ಬೇರೆ ಕಾಗದದ ಮೇಲೆ ಬರೆದು ಚೌಕಟ್ಟಿಗೆ ಸಿಕ್ಕಿಸಲಿಲ್ಲ. ಮುಖದಲ್ಲಿ ಅದು ಎಲ್ಲಿತ್ತೋ ಅಲ್ಲೇ ಬರೆದ.

ಇನ್ನೊಂದು ಕೆಲಸವಿದೆ, ಅದನ್ನು ಮುಂದೂಡಲಾಗದು. 1953ರಲ್ಲಿ ಆರೇಳು ವರ್ಷದವರಾಗಿ ಹಳ್ಳಿಯ ಶಾಲೆಗೆ ಹೋಗುತ್ತಿದ್ದವರಿಗೆ ಈಗ ಎಂಬತ್ತರ ಹತ್ತಿರ ವಯಸ್ಸು. ನಿಮ್ಮ ನಿಮ್ಮ ಊರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಮೇಲಿನ ತರಗತಿಯ ಮಕ್ಕಳನ್ನು ಅವರ ಬಳಿಗೆ ಕಳುಹಿಸಿ. ಆ ವರ್ಷ ಶಾಲೆ ಎಷ್ಟು ಹೊತ್ತು ನಡೆಯುತ್ತಿತ್ತು, ಮನೆಗೆ ಬಂದ ಮೇಲೆ ಏನು ಕೆಲಸ ಮಾಡಿದಿರಿ, ಯಾರ ಹೊಲದಲ್ಲಿ, ಯಾರ ಕೊಟ್ಟಿಗೆಯಲ್ಲಿ, ಮತ್ತೆ ಪೂರ್ತಿ ಶಾಲೆ ಶುರುವಾದಾಗ ವಾಪಸು ಹೋದಿರಾ, ಜೊತೆಯವರಲ್ಲಿ ಯಾರು ಹೋಗಲಿಲ್ಲ ಎಂದು ಕೇಳಲಿ. ಅಜ್ಜಿಯಂದಿರನ್ನು ಬಿಡಬೇಡಿ, ಶಾಲೆಗೇ ಹೋಗದವರನ್ನೂ ಕೇಳಿ. ಕನ್ನಡ, ತಮಿಳು, ತೆಲುಗು, ಅವರು ಯಾವ ಮಾತಿನಲ್ಲಿ ಹೇಳಿದರೂ ಹೇಳಿದ ಹಾಗೇ ಬರೆದುಕೊಳ್ಳಲಿ. ಹೇಳಿದವರ ಹೆಸರು ಬರೆಯುವ ಮೊದಲು ಅವರ ಒಪ್ಪಿಗೆ ಕೇಳಲಿ. ಬರೆದದ್ದನ್ನು ಆಯಾ ಶಾಲೆಯ ಲೈಬ್ರರಿಯಲ್ಲೇ ಇಡಿ, ಒಂದು ಪ್ರತಿ ನನಗೆ ಕೊಟ್ಟರೆ ಎಲ್ಲವನ್ನೂ ಸೇರಿಸಿ ಹೊಲಿದುಕೊಡುವ ಕೆಲಸ ನನ್ನದು.

ಇತಿ,
ಆಲಸನತ್ತಂನ ನಿಮ್ಮವ